ಒಂದು ಮನೆ, ಮೂರು ಕಡತ: ಕೌಟುಂಬಿಕ ದೌರ್ಜನ್ಯಕ್ಕೆ ಕಾನೂನು ನೆರವು ಬಂದ ದಾರಿ

ಗಂಡನ ಮನೆಯಲ್ಲಿ ಏಟು ತಿಂದು ತವರಿಗೆ ಬಂದ ಹೆಣ್ಣುಮಗಳೊಬ್ಬಳು ನ್ಯಾಯ ಕೇಳಲು ಹೊರಟರೆ, ಕೆಲವೇ ತಿಂಗಳಲ್ಲಿ ಅವಳ ಹೆಸರಿನಲ್ಲಿ ಮೂರು ಕಡತಗಳು ತೆರೆದುಕೊಳ್ಳುವುದು ಸಾಮಾನ್ಯ. ಗಂಡ ಹಾಕಿದ ವಿಚ್ಛೇದನದ ಅರ್ಜಿಯೂ ಅವಳು ಹಾಕಿದ ಜೀವನಾಂಶದ ಅರ್ಜಿಯೂ ಕೌಟುಂಬಿಕ ನ್ಯಾಯಾಲಯದಲ್ಲಿ ನಡೆಯುತ್ತವೆ. ರಕ್ಷಣೆ ಮತ್ತು ವಾಸದ ಹಕ್ಕು ಕೋರುವ ‘ಡಿವಿ ಕೇಸು’ (ಕೌಟುಂಬಿಕ ದೌರ್ಜನ್ಯದ ಪ್ರಕರಣ) ಜೆಎಂಎಫ್‌ಸಿ ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಇರುತ್ತದೆ. ಕ್ರೌರ್ಯದ ದೂರು ಪೊಲೀಸ್ ಠಾಣೆಯಿಂದ ಹೊರಟು ಇನ್ನೊಂದು ಕೋರ್ಟ್ ಹಾಲ್ ಸೇರುತ್ತದೆ. ನಡೆದ ಘಟನೆ ಒಂದೇ, ಸಾಕ್ಷಿ ಹೇಳಬೇಕಾದವಳೂ ಒಬ್ಬಳೇ. ಆದರೆ ವಾಯಿದೆಗಳು ಬೇರೆ, ಕಾಗದಪತ್ರಗಳು ಬೇರೆ, ಅನೇಕ ಬಾರಿ ವಕೀಲರೂ ಬೇರೆ. ಈ ವಿಂಗಡಣೆಯನ್ನು ಯಾರೂ ಯೋಜಿಸಿ ಮಾಡಿದ್ದಲ್ಲ. ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಮ್ಮ ಕಾನೂನು ಪರಿಹಾರವನ್ನು ತುಂಡುತುಂಡಾಗಿ ಕೊಡುತ್ತ ಬಂದಿತು, ಆ ತುಂಡುಗಳನ್ನು ಜೋಡಿಸುವ ಕೆಲಸವನ್ನು ನೊಂದವಳ ಹೆಗಲಿಗೇ ಬಿಟ್ಟಿತು. ಆ ಜೋಡಣೆಯನ್ನು ಮಾಡಿಕೊಡುವುದೇ ಕಾನೂನು ನೆರವಿನ ಮುಖ್ಯ ಕೆಲಸವೆಂದು ನಾನು ನಂಬಿದ್ದೇನೆ, ಮತ್ತು ಈ ಇತಿಹಾಸದಲ್ಲಿ ಅತ್ಯಂತ ಕಡಿಮೆ ಗಮನ ಸಿಕ್ಕಿದ್ದು ಅದಕ್ಕೇ.

ಮೊದಲು ಬಂದದ್ದು ಜೀವನಾಂಶ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಂ, ಕೈಬಿಟ್ಟ ಹೆಂಡತಿ ಮಕ್ಕಳಿಗೆ ಮಾಸಿಕ ಮೊತ್ತವೊಂದನ್ನು ಕೊಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ನೀಡಿತ್ತು. ಅವರು ಬೀದಿಗೆ ಬೀಳದಿರಲಿ ಎಂಬುದಷ್ಟೇ ಅದರ ಉದ್ದೇಶ. 1946ರ ಕಾಯ್ದೆಯೊಂದು, ಜೊತೆಯಲ್ಲಿ ಬಾಳುವುದು ಅಪಾಯಕರವೆನಿಸುವಷ್ಟು ಕ್ರೌರ್ಯ ಎಸಗಿದ ಗಂಡನಿಂದ ಬೇರೆ ಇದ್ದು ಜೀವನಾಂಶ ಕೇಳುವ ಹಕ್ಕನ್ನು ಹಿಂದೂ ವಿವಾಹಿತೆಗೆ ಕೊಟ್ಟಿತು. 1955ರ ಹಿಂದೂ ವಿವಾಹ ಕಾಯ್ದೆ ಬಂದಾಗಲೂ ಕ್ರೌರ್ಯವು ನ್ಯಾಯಿಕ ಪ್ರತ್ಯೇಕತೆಗೆ, ಅಂದರೆ ಮದುವೆ ಮುರಿಯದೆ ಕೋರ್ಟಿನ ಆದೇಶದಿಂದ ಬೇರೆ ಇರುವುದಕ್ಕೆ ಮಾತ್ರ ಆಧಾರವಾಗಿತ್ತು. ಅದು ವಿಚ್ಛೇದನಕ್ಕೆ ಕಾರಣವಾದದ್ದು 1976ರ ತಿದ್ದುಪಡಿಯ ನಂತರ. 488ನೇ ಕಲಮಿನ ಜಾಗಕ್ಕೆ 1973ರ ಸಂಹಿತೆಯಲ್ಲಿ 125ನೇ ಕಲಂ ಬಂದಿತಾದರೂ ತಿಂಗಳಿಗೆ 500 ರೂಪಾಯಿಯ ಮಿತಿ 2001ರವರೆಗೂ ಹಾಗೆಯೇ ಉಳಿಯಿತು. ಈ ಎಲ್ಲ ಕಾನೂನುಗಳಲ್ಲಿ ಹಿಂಸೆ ಎಂಬುದು ಬೇರೆ ಏನನ್ನೋ ಪಡೆಯಲು ರುಜುವಾತು ಮಾಡಬೇಕಾದ ಕಾರಣವಾಗಿತ್ತೇ ಹೊರತು, ಅದನ್ನೇ ನಿಲ್ಲಿಸಬೇಕೆಂಬ ಆದೇಶಕ್ಕೆ ಎಡೆಯಿರಲಿಲ್ಲ. ಇವತ್ತು ರಾತ್ರಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ಮಲಗುವುದು ಎಂಬ ಪ್ರಶ್ನೆಗೆ ಇವುಗಳಲ್ಲಿ ಒಂದರಲ್ಲೂ ಉತ್ತರವಿರಲಿಲ್ಲ.

ಎಂಬತ್ತರ ದಶಕದಲ್ಲಿ ಎರಡು ಕಾನೂನುಗಳು ಒಂದರ ಬೆನ್ನಿಗೆ ಒಂದು ಬಂದವು, ಆದರೆ ಅವುಗಳ ದಿಕ್ಕು ಬೇರೆಬೇರೆಯಾಗಿತ್ತು. ವರದಕ್ಷಿಣೆ ಸಾವುಗಳ ವಿರುದ್ಧ ಮಹಿಳಾ ಸಂಘಟನೆಗಳು ನಡೆಸಿದ ಹೋರಾಟದ ಫಲವಾಗಿ 1983ರಲ್ಲಿ ದಂಡ ಸಂಹಿತೆಗೆ 498ಎ ಕಲಂ ಸೇರಿ, ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯ ಮೂರು ವರ್ಷದವರೆಗಿನ ಸೆರೆವಾಸದ ಅಪರಾಧವಾಯಿತು. ಮರುವರ್ಷವೇ ಬಂದ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, ಸಂಸಾರದ ವ್ಯಾಜ್ಯಗಳನ್ನು ಮಾಮೂಲಿ ಸಿವಿಲ್ ಕೋರ್ಟಿನ ವಾದ ಪ್ರತಿವಾದದಿಂದ ಹೊರತಂದು, ಆಪ್ತ ಸಮಾಲೋಚಕರ ನೆರವಿನಿಂದ ರಾಜಿ ಮಾಡಿಸುವುದನ್ನು ನ್ಯಾಯಾಧೀಶರ ಕರ್ತವ್ಯವೆಂದೇ 9ನೇ ಕಲಮಿನಲ್ಲಿ ಬರೆಯಿತು. ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ ಎಂದು 13ನೇ ಕಲಂ ಹೇಳಿತು. ಇದರ ಹಿಂದಿನ ಆಶಯ ಒಳ್ಳೆಯದೇ ಆಗಿತ್ತು: ಫೀಸು ಕೊಡಲಾಗದವರೂ ತಮ್ಮ ಮಾತನ್ನು ತಾವೇ ಹೇಳಿಕೊಳ್ಳುವಂತಾಗಲಿ, ಕಾನೂನಿನ ಭಾಷೆ ಅಡ್ಡಬಾರದಿರಲಿ ಎಂಬುದು. ಆದರೆ ವರ್ಷಗಟ್ಟಲೆ ಯಾರ ಎದುರು ಬಾಯಿ ಬಿಡಲು ಹೆದರಿದ್ದಳೋ ಅವನ ಎದುರೇ, ಜೊತೆಗೆ ಯಾರೂ ಇಲ್ಲದೆ ನಿಂತು ಅವಳು ಮಾತಾಡಬೇಕಾಗುತ್ತದೆ ಎಂಬುದನ್ನು ಆ ಕಲಂ ಬರೆದವರು ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ. ಕಾಲಕ್ರಮದಲ್ಲಿ ಅನುಮತಿ ಪಡೆದು ವಕೀಲರು ಹಾಜರಾಗುವುದು ರೂಢಿಯಾಯಿತು. ಇಷ್ಟಾದರೂ ಒಂದು ಕಾನೂನು ಅವಳನ್ನು ಠಾಣೆಯ ಕಡೆಗೂ ಇನ್ನೊಂದು ರಾಜಿಯ ಕಡೆಗೂ ಕರೆಯುತ್ತಲೇ ಇತ್ತು. ಜೈಲೂ ಬೇಡ, ಹೊಡೆತವೂ ಬೇಡ, ಇದ್ದ ಮನೆಯಲ್ಲಿ ನೆಮ್ಮದಿಯಾಗಿ ಇರಲು ಬಿಟ್ಟರೆ ಸಾಕು ಎನ್ನುವವಳಿಗೆ ಇವೆರಡರ ನಡುವೆ ದಾರಿಯೇ ಇರಲಿಲ್ಲ.

ಉಚಿತ ಕಾನೂನು ನೆರವಿನ ಕಥೆ ಇದಕ್ಕೆ ಸಮಾನಾಂತರವಾಗಿ ನಡೆದದ್ದು. 1976ರಲ್ಲಿ ಸಂವಿಧಾನಕ್ಕೆ, ಉಚಿತ ಕಾನೂನು ನೆರವು ಒದಗಿಸಬೇಕೆಂದು ಸರ್ಕಾರಕ್ಕೆ ಹೇಳುವ 39ಎ ವಿಧಿ ಸೇರಿತು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅಂಗೀಕಾರವಾಯಿತು. ಅದು ಜಾರಿಗೆ ಬರುವಷ್ಟರಲ್ಲಿ 1995ರ ನವೆಂಬರ್ 9 ಆಗಿತ್ತು. ಅದರ 12ನೇ ಕಲಂ ಮಹಿಳೆಯರನ್ನೂ ಮಕ್ಕಳನ್ನೂ ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರೆಂದು ಹೇಳುತ್ತದೆ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇದು ಬಿಪಿಎಲ್ ಕಾರ್ಡ್ ಇರುವವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಗಂಡ ಶ್ರೀಮಂತನಾಗಿದ್ದು ಹೆಂಡತಿಯ ಕೈಯಲ್ಲಿ ಬಸ್ ಚಾರ್ಜಿಗೂ ಕಾಸಿಲ್ಲದ ಸಂಸಾರಗಳು ಎಷ್ಟೋ ಇವೆ. ಮನೆಯ ಆದಾಯ ನೋಡಿ ನೆರವು ಕೊಡುವುದಾದರೆ ಅಂಥವರೇ ಮೊದಲು ಹೊರಗುಳಿಯುತ್ತಾರೆ.

ಕೌಟುಂಬಿಕ ದೌರ್ಜನ್ಯದ ಬಗ್ಗೆ ಪ್ರತ್ಯೇಕ ಸಿವಿಲ್ ಕಾನೂನು ಬೇಕೆಂಬ ಬೇಡಿಕೆ ತೊಂಬತ್ತರ ದಶಕದಲ್ಲಿ ಬಲವಾಯಿತು. ವಕೀಲೆ ಇಂದಿರಾ ಜೈಸಿಂಗ್ ಅವರ ನೇತೃತ್ವದ ಲಾಯರ್ಸ್ ಕಲೆಕ್ಟಿವ್ ಸಂಸ್ಥೆ ಕರಡೊಂದನ್ನು ಸಿದ್ಧಪಡಿಸಿ ದೇಶದಾದ್ಯಂತ ಚರ್ಚೆಗೆ ಇಟ್ಟಿತು. ಆದರೆ 2002ರಲ್ಲಿ ಸರ್ಕಾರ ಲೋಕಸಭೆಯಲ್ಲಿ ಮಂಡಿಸಿದ ಮಸೂದೆ ಬೇರೆಯೇ ಆಗಿತ್ತು. ‘ರೂಢಿಯಾಗಿ’ ಹೊಡೆಯುವುದನ್ನು ಮಾತ್ರ ಅದು ಹಿಂಸೆಯೆಂದು ಕರೆದಿತ್ತು. ತನ್ನ ಅಥವಾ ತನ್ನ ಆಸ್ತಿಯ ರಕ್ಷಣೆಗಾಗಿ ಹಾಗೆ ಮಾಡಿದೆ ಎಂದು ಹೇಳಿ ಗಂಡ ತಪ್ಪಿಸಿಕೊಳ್ಳಲು ಅವಕಾಶವನ್ನೂ ಇಟ್ಟಿತ್ತು. ಮಹಿಳಾ ಸಂಘಟನೆಗಳು ಅದನ್ನು ಕಟುವಾಗಿ ವಿರೋಧಿಸಿದವು. ಕೊನೆಗೆ 2005ರಲ್ಲಿ ಅಂಗೀಕಾರವಾದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದಿತು. ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ, ಮಾತಿನ, ಭಾವನಾತ್ಮಕ ಮತ್ತು ಆರ್ಥಿಕ ಹಿಂಸೆಯನ್ನೂ ಅದು ಹೆಸರಿಸಿತು. ರಕ್ಷಣಾ ಆದೇಶ, ವಾಸದ ಆದೇಶ, ಹಣಕಾಸಿನ ಪರಿಹಾರ, ಮಕ್ಕಳ ತಾತ್ಕಾಲಿಕ ಪಾಲನೆ, ನಷ್ಟಪರಿಹಾರ, ಇವೆಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಲು ಅನುವು ಮಾಡಿತು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು, ಅರವತ್ತು ದಿನದಲ್ಲಿ ಅರ್ಜಿ ಇತ್ಯರ್ಥವಾಗಲು ಪ್ರಯತ್ನಿಸಬೇಕು ಎಂದೂ ಹೇಳಿತು. ಅರವತ್ತು ದಿನ ಎಂಬುದು ಎಷ್ಟು ಕಡೆ ಕಾಗದದ ಮಾತಾಗಿದೆ ಎಂಬುದನ್ನು ಕೋರ್ಟಿನ ಮೆಟ್ಟಿಲು ಹತ್ತಿದವರು ಬಲ್ಲರು.

ಈ ಕಾಯ್ದೆಯ ನಿಯಮಗಳಲ್ಲಿರುವ ಒಂದನೇ ನಮೂನೆಯನ್ನು, ಅಂದರೆ ಕೌಟುಂಬಿಕ ಘಟನಾ ವರದಿಯನ್ನು, ಸ್ವಲ್ಪ ನಿಂತು ಓದಬೇಕು. ನಮ್ಮ ಸಂಸಾರಗಳನ್ನು ಒಳಗಿನಿಂದ ಕಂಡವರು ಅದನ್ನು ಬರೆದಿದ್ದಾರೆ. ಹೊಡೆದದ್ದು, ದೂಡಿದ್ದು, ಕಚ್ಚಿದ್ದನ್ನು ಗುರುತು ಹಾಕಲು ಅದರಲ್ಲಿ ಜಾಗವಿದೆ. ಶೀಲದ ಬಗ್ಗೆ ಆಡಿದ ಮಾತು, ಗಂಡುಮಗು ಹೆರಲಿಲ್ಲವೆಂಬ ಹೀಯಾಳಿಕೆ, ಕೆಲಸಕ್ಕೆ ಹೋಗದಂತೆ ತಡೆದದ್ದು, ಆತ್ಮಹತ್ಯೆ ಮಾಡಿಕೊಳ್ಳುವೆನೆಂದು ಹೆದರಿಸಿದ್ದು ಕೂಡ ಅಲ್ಲಿವೆ. ಮನೆ ನಡೆಸಲು ದುಡ್ಡು ಕೊಡದಿರುವುದು, ಔಷಧಿ ತರದಿರುವುದು, ಬಾಡಿಗೆ ಕಟ್ಟದಿರುವುದು, ಸಂಬಳ ಕಿತ್ತುಕೊಳ್ಳುವುದು, ಹೇಳದೆ ಕೇಳದೆ ಸ್ತ್ರೀಧನ ಮಾರುವುದು ಅಥವಾ ಅಡವಿಡುವುದು, ಇವೆಲ್ಲ ಆರ್ಥಿಕ ಹಿಂಸೆಯ ಪಟ್ಟಿಯಲ್ಲಿವೆ. ‘ಹೊಡೆದಿದ್ದಾನಾ?’ ಎಂದು ಕೇಳಿದಾಗ ‘ಇಲ್ಲ’ ಎನ್ನುವ ಎಷ್ಟೋ ಹೆಂಗಸರು ಈ ಪಟ್ಟಿಯನ್ನು ಓದಿ ಹೇಳಿದಾಗ ಒಂದೊಂದಾಗಿ ಹೌದು ಎನ್ನುತ್ತಾರೆ. ಅದಕ್ಕಾಗಿಯೇ ಈ ನಮೂನೆಯನ್ನು ತಾಳ್ಮೆಯಿಂದ ಕೂತು ತುಂಬಿಸಿಕೊಳ್ಳುವವರು ಬೇಕು. ಆ ಹೊಣೆಯನ್ನು ಕಾಯ್ದೆ ರಕ್ಷಣಾಧಿಕಾರಿಗೆ ಕೊಟ್ಟಿದೆ. ನೊಂದವಳಿಗೆ ಉಚಿತ ಕಾನೂನು ನೆರವು ಸಿಗುವಂತೆ ನೋಡಿಕೊಳ್ಳುವುದೂ 9ನೇ ಕಲಮಿನ ಪ್ರಕಾರ ಅವರದೇ ಕರ್ತವ್ಯ.

ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಈ ರಕ್ಷಣಾಧಿಕಾರಿ ಎಂದರೆ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಎಲ್ಲರ ಬಾಯಲ್ಲಿ ಸಿಡಿಪಿಒ. ಅಂಗನವಾಡಿಗಳಿಗೆ ಮೊಟ್ಟೆ ಬಂತೇ, ಕಟ್ಟಡದ ಬಾಡಿಗೆ ಸಂದಾಯವಾಯಿತೇ, ಕಾರ್ಯಕರ್ತೆಯರ ಗೌರವಧನ ಜಮೆಯಾಯಿತೇ ಎಂದು ನೋಡುವ ಅದೇ ಅಧಿಕಾರಿ, ಅದೇ ಮೇಜಿನಲ್ಲಿ ಕೂತು ಘಟನಾ ವರದಿಯನ್ನೂ ಬರೆಯಬೇಕು, ಮ್ಯಾಜಿಸ್ಟ್ರೇಟರ ಆದೇಶದ ಪಾಲನೆಯನ್ನೂ ನೋಡಿಕೊಳ್ಳಬೇಕು. ಅವರಲ್ಲಿ ಕಾಳಜಿಯಿಂದ ದುಡಿಯುವವರು ಬಹಳ ಜನ ಇದ್ದಾರೆ. ಇದು ವ್ಯಕ್ತಿಗಳ ಮೇಲಿನ ದೂರಲ್ಲ. ಆದರೆ ಪೂರ್ಣಾವಧಿಯ ಕೆಲಸವನ್ನು ಹೆಚ್ಚುವರಿ ಹೊಣೆಯಾಗಿ ಹೊರಿಸಿದರೆ ಆಗುವುದೇ ಆಗಿದೆ. ಕಾಯ್ದೆಗೂ ಮೊದಲೇ, 2000-01ರಲ್ಲಿ, ರಾಜ್ಯ ಸರ್ಕಾರ ಸ್ವಯಂಸೇವಾ ಸಂಸ್ಥೆಗಳ ಮೂಲಕ ಆರಂಭಿಸಿದ ಸಾಂತ್ವನ ಕೇಂದ್ರಗಳೂ ಬೆಂಗಳೂರಿನ ಪೊಲೀಸ್ ಆಯುಕ್ತರ ಕಚೇರಿಯ ವನಿತಾ ಸಹಾಯವಾಣಿಯೂ ಈ ಕೊರತೆಯನ್ನು ಒಂದಷ್ಟು ಮಟ್ಟಿಗೆ ತುಂಬಿವೆ.

ಕಾಯ್ದೆಯ ಹೃದಯವೆನ್ನಬಹುದಾದ ವಾಸದ ಹಕ್ಕಿಗೆ ಆರಂಭದಲ್ಲೇ ಪೆಟ್ಟು ಬಿದ್ದದ್ದು ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ. ಯಾರ ಹೆಸರಿನಲ್ಲಿದ್ದರೂ ಸರಿ, ಅವಳು ಸಂಬಂಧದಲ್ಲಿ ಬಾಳಿದ ‘ಹಂಚಿಕೊಂಡ ಮನೆ’ಯಿಂದ ಅವಳನ್ನು ಹೊರಹಾಕುವಂತಿಲ್ಲ ಎಂಬುದು 17ನೇ ಕಲಮಿನ ಸಾರ. ಆದರೆ ಕಾಯ್ದೆ ಜಾರಿಯಾಗಿ ಎರಡು ತಿಂಗಳು ತುಂಬುವ ಮೊದಲೇ, 2006ರ ಡಿಸೆಂಬರಿನಲ್ಲಿ, ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಮನೆ ಗಂಡನದಾಗಿರಬೇಕು, ಇಲ್ಲವೇ ಅವನು ಬಾಡಿಗೆಗೆ ಪಡೆದದ್ದಾಗಿರಬೇಕು, ಇಲ್ಲವೇ ಅವನು ಸದಸ್ಯನಾಗಿರುವ ಅವಿಭಕ್ತ ಕುಟುಂಬದ್ದಾಗಿರಬೇಕು ಎಂದು ಹೇಳಿಬಿಟ್ಟಿತು. ಮನೆ ಅತ್ತೆಯದು, ಆದ್ದರಿಂದ ಸೊಸೆಗೆ ಹಕ್ಕಿಲ್ಲ. ನಮ್ಮಲ್ಲಿ ಮದುವೆಯಾದ ಹೆಣ್ಣು ಹೋಗಿ ಸೇರುವುದೇ ಅತ್ತೆ ಮಾವನ ಮನೆಯನ್ನು ಎಂಬ ನಿಜಕ್ಕೆ ಆ ತೀರ್ಪಿನಲ್ಲಿ ಜಾಗ ಸಿಗಲಿಲ್ಲ. ಆಸ್ತಿಯನ್ನು ತಾಯಿ ತಂದೆಯ ಹೆಸರಿಗೆ ಮಾಡಿದರೆ ಹೆಂಡತಿಯನ್ನು ಹೊರಗೆ ಹಾಕಬಹುದು ಎಂಬ ಸಲಹೆಗೆ ಇದೇ ಬುನಾದಿಯಾಯಿತು. 2020ರ ಅಕ್ಟೋಬರ್ 15ರಂದು ನ್ಯಾಯಮೂರ್ತಿ ಅಶೋಕ್ ಭೂಷಣ್ ನೇತೃತ್ವದ ಮೂವರು ನ್ಯಾಯಮೂರ್ತಿಗಳ ಪೀಠ ಆ ವ್ಯಾಖ್ಯಾನವನ್ನು ತಳ್ಳಿಹಾಕುವವರೆಗೆ ಹದಿನಾಲ್ಕು ವರ್ಷ ಕಾನೂನು ಹಾಗೆಯೇ ನಡೆಯಿತು.

ಅದಾದ ಎರಡೇ ತಿಂಗಳಿಗೆ ಬೆಂಗಳೂರಿನದೇ ಒಂದು ಪ್ರಕರಣ ತೀರ್ಮಾನವಾಯಿತು. ಗಂಡನ ಹೆಸರಿನಲ್ಲಿದ್ದ ಮನೆ ಮೊದಲು ಮಾವನಿಗೆ ಮಾರಾಟವಾಗಿ, ಆಮೇಲೆ ದಾನಪತ್ರದ ಮೂಲಕ ಅತ್ತೆಯ ಹೆಸರಿಗೆ ಬಂದಿತ್ತು. ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯ ಅಡಿಯಲ್ಲಿ ಅತ್ತೆ ಮಾವ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ಸೊಸೆಯನ್ನು ತೆರವುಗೊಳಿಸುವ ಆದೇಶ ಪಡೆದರು. ಹೈಕೋರ್ಟಿನಲ್ಲೂ ಅದು ಉಳಿಯಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಅದನ್ನು ರದ್ದುಪಡಿಸಿ, ಒಂದು ಕಾಯ್ದೆಯ ಸಂಕ್ಷಿಪ್ತ ವಿಚಾರಣೆಯಿಂದ ಇನ್ನೊಂದು ಕಾಯ್ದೆ ಕೊಟ್ಟ ವಾಸದ ಹಕ್ಕನ್ನು ಇಲ್ಲವಾಗಿಸುವಂತಿಲ್ಲ ಎಂದಿತು. ವೃದ್ಧ ತಂದೆ ತಾಯಿಯರ ಅಳಲು ಸುಳ್ಳೆಂದು ಇದರ ಅರ್ಥವಲ್ಲ. ಎರಡನ್ನೂ ಒಟ್ಟಿಗೆ ತೂಗಿ ನೋಡಬೇಕೆಂಬುದು ಆ ತೀರ್ಪಿನ ತಿರುಳು.

ಇನ್ನು ಕೌಟುಂಬಿಕ ನ್ಯಾಯಾಲಯದ ಮಾತು. ದೌರ್ಜನ್ಯ ತಡೆ ಕಾಯ್ದೆಯ 26ನೇ ಕಲಂ, 18ರಿಂದ 22ರವರೆಗಿನ ಕಲಂಗಳ ಪರಿಹಾರಗಳನ್ನು ಈಗಾಗಲೇ ನಡೆಯುತ್ತಿರುವ ಸಿವಿಲ್, ಕೌಟುಂಬಿಕ ಅಥವಾ ಕ್ರಿಮಿನಲ್ ಪ್ರಕರಣದಲ್ಲೇ ಕೇಳಬಹುದೆಂದು ಹೇಳುತ್ತದೆ. ವಿಚ್ಛೇದನದ ಪ್ರಕರಣದಲ್ಲಿ ಹಾಜರಾಗುತ್ತಿರುವ ಹೆಂಡತಿ, ಅದೇ ನ್ಯಾಯಾಧೀಶರ ಮುಂದೆ ರಕ್ಷಣೆಯನ್ನೂ ವಾಸದ ಹಕ್ಕನ್ನೂ ಮಕ್ಕಳ ಪಾಲನೆಯನ್ನೂ ಕೋರಬಹುದು. ಬೇರೆಬೇರೆ ಕಡತಗಳ ಪರಿಹಾರಗಳನ್ನು ಒಂದೆಡೆ ತರಲು ಕಾನೂನೇ ಕೊಟ್ಟ ದಾರಿ ಇದು. ಇದು ಬಳಕೆಗೆ ಬರಬೇಕಾದಷ್ಟು ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ವಕಾಲತ್ತು ವಹಿಸಿದವರು ತಮ್ಮ ಕೋರ್ಟಿನ ಕಡತವನ್ನಷ್ಟೇ ನೋಡುವ ಅಭ್ಯಾಸ ಇದಕ್ಕೆ ಒಂದು ಕಾರಣ. ಬೇರೆಡೆ ಪಡೆದ ಪರಿಹಾರವನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂಬ ನಿಯಮವನ್ನು ಆಕೆಗೆ ಯಾರೂ ಹೇಳದಿದ್ದರೆ, ಮುಚ್ಚಿಟ್ಟಳೆಂಬ ಆರೋಪಕ್ಕೆ ಅವಳು ಗುರಿಯಾಗುತ್ತಾಳೆ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಬಗ್ಗೆ ಕೊಟ್ಟ ಮಾರ್ಗಸೂಚಿ ಈ ಗೊಂದಲವನ್ನು ತಿಳಿಗೊಳಿಸಿದೆ: ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕು, ಹಿಂದಿನ ಆದೇಶದ ಮೊತ್ತವನ್ನು ಹೊಂದಿಸಿಕೊಳ್ಳಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು. 2024ರ ಜುಲೈ 1ರಿಂದ 498ಎ ಕಲಮಿನ ವಿಷಯ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಿಗೂ, 125ರ ಜೀವನಾಂಶ ನಾಗರಿಕ ಸುರಕ್ಷಾ ಸಂಹಿತೆಯ 144ಕ್ಕೂ ಹೋಗಿವೆ.

ರಾಜಿಯ ವಿಷಯದಲ್ಲಿ ಎಚ್ಚರ ಬೇಕು. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರ ಎಷ್ಟೋ ದಂಪತಿಗಳಿಗೆ ಗೌರವದಿಂದ ಬೇರೆಯಾಗಲು ನೆರವಾಗಿದೆ. ಆದರೆ ಹಿಂಸೆ ಇದ್ದ ಮನೆಯ ರಾಜಿ ಬೇರೆ ಬಗೆಯದು. ದೌರ್ಜನ್ಯ ತಡೆ ಕಾಯ್ದೆಯ 2006ರ ನಿಯಮಗಳು ಸಮಾಲೋಚನೆಗೆ ಎರಡು ಕಟ್ಟುಪಾಡು ಹಾಕಿವೆ: ಮತ್ತೆ ಹಿಂಸಿಸುವುದಿಲ್ಲವೆಂದು ಪ್ರತಿವಾದಿ ಮುಚ್ಚಳಿಕೆ ಕೊಡಬೇಕು, ‘ಅವಳು ಹೀಗೆ ಮಾಡಿದ್ದಕ್ಕೆ ಹೊಡೆದೆ’ ಎಂಬ ಸಮರ್ಥನೆಗೆ ಅಲ್ಲಿ ಅವಕಾಶವೇ ಇಲ್ಲ. ಊರ ಹಿರಿಯರ ಪಂಚಾಯಿತಿಯಲ್ಲಾಗಲಿ, ಠಾಣೆಯಲ್ಲಿ ಹಿಂಬರಹ (ದೂರಿನ ಬಗ್ಗೆ ಪೊಲೀಸರು ಬರೆದುಕೊಡುವ ಚೀಟಿ) ಕೊಟ್ಟು ಕಳುಹಿಸುವ ‘ಬುದ್ಧಿವಾದ’ದಲ್ಲಾಗಲಿ ಇವೆರಡೂ ಇರುವುದಿಲ್ಲ. ಪಕ್ಕದಲ್ಲಿ ತನ್ನ ವಕೀಲರು ಕೂತಿದ್ದರೆ ಮಾತ್ರ ಅವಳು ಈ ನಿಯಮವನ್ನು ನೆನಪಿಸಬಲ್ಲಳು.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಶೇ 44.4. ಇಷ್ಟು ದೊಡ್ಡ ಸಂಖ್ಯೆಯ ಎದುರು, ಕಾಯ್ದೆ ಬಂದು ಸುಮಾರು ಎರಡು ದಶಕ ಕಳೆದ ಮೇಲೂ, ಅಂದರೆ 2025ರ ಮೇ ತಿಂಗಳಲ್ಲಿ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ರಕ್ಷಣಾಧಿಕಾರಿಗಳನ್ನು ನೇಮಿಸಿ ಎಂದು ಎಲ್ಲ ರಾಜ್ಯಗಳಿಗೂ, ಉಚಿತ ಕಾನೂನು ನೆರವಿನ ಹಕ್ಕನ್ನು ಪ್ರಚಾರ ಮಾಡಿ ಎಂದು ಕಾನೂನು ಸೇವಾ ಪ್ರಾಧಿಕಾರಕ್ಕೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಸೂಚಿಸಬೇಕಾಯಿತು. 2022ರಲ್ಲಿ ಅವರೇ ಬರೆದ ತೀರ್ಪೊಂದು, ಘಟನಾ ವರದಿ ಇಲ್ಲದಿದ್ದರೂ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದೆಂದು ಸ್ಪಷ್ಟಪಡಿಸಿತ್ತು.

ಇವತ್ತು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆಮಾಡಿ, ಮಹಿಳೆಯೊಬ್ಬಳು ವಕೀಲರನ್ನು ಕೇಳಬಹುದು. ಆದಾಯ ಪ್ರಮಾಣಪತ್ರ ಕೇಳಿದರೆ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಅದು ಬೇಕಿಲ್ಲವೆಂದು ಹೇಳಬಹುದು. ಗಂಡನಿಂದ ವಿಚ್ಛೇದನದ ನೋಟಿಸು ಬಂದಿದ್ದರೆ ಅದನ್ನೂ, ಠಾಣೆಯ ಹಿಂಬರಹ, ಆಸ್ಪತ್ರೆಯ ಚೀಟಿಗಳನ್ನೂ ಒಟ್ಟಿಗೆ ಒಯ್ದು, ಎಲ್ಲ ಪ್ರಕರಣಗಳಿಗೂ ಒಬ್ಬರೇ ವಕೀಲರನ್ನು ಕೊಡಿ ಎಂದು ಬರಹದಲ್ಲಿ ಕೇಳುವುದು ಒಳ್ಳೆಯದು. ಪ್ರಾಧಿಕಾರಗಳು ತಮ್ಮ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರನ್ನು ಕೋರ್ಟುವಾರು ಹಂಚುವ ಬದಲು ಕಕ್ಷಿದಾರಳಿಗೆ ಒಬ್ಬರಂತೆ ಕೊಡಲು ಹೊಸ ಕಾನೂನೇನೂ ಬೇಕಿಲ್ಲ.