ಸೆಕೆಗಾಲದಲ್ಲಿ ಲ್ಯಾಪ್‌ಟಾಪ್ ಯಾಕೆ ತೆವಳುತ್ತದೆ?

ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ಮಧ್ಯಾಹ್ನದ ಬಿಸಿಲು 37–38 ಡಿಗ್ರಿ ಮುಟ್ಟುತ್ತದೆ. ಬೆಳಿಗ್ಗೆ ಚುರುಕಾಗಿದ್ದ ಲ್ಯಾಪ್‌ಟಾಪ್ ಊಟದ ಹೊತ್ತಿಗೆ ತೆವಳತೊಡಗುತ್ತದೆ. ‘ಹಳೇದಾಯ್ತು, ರ‍್ಯಾಮ್ ಹಾಕ್ಸಿ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಆದರೆ ಬಹಳ ಸಲ ಪ್ರೊಸೆಸರ್‌ನ ವೇಗವನ್ನು ಬೇಕೆಂದೇ ಇಳಿಸಿರಲಾಗುತ್ತದೆ.

ಸೆಕೆಗೂ ಪ್ರೊಸೆಸರ್ ಚಿಪ್‌ಗೂ ನೇರ ಲೆಕ್ಕವಿದೆ. ಚಿಪ್‌ನ ಬಿಸಿ ಕೋಣೆಯ ಗಾಳಿಗೇ ಹೋಗಬೇಕಲ್ವಾ? ಮಳೆಗಾಲದ ಆಗುಂಬೆಯಲ್ಲಿ, 22 ಡಿಗ್ರಿಯ ಕೋಣೆಯೊಳಗೆ, ಯಾವುದೋ ಕೆಲಸಕ್ಕೆ ಚಿಪ್ 70 ಡಿಗ್ರಿ ಮುಟ್ಟಿತು ಅಂದುಕೊಳ್ಳಿ. ಕೋಣೆ 38 ಡಿಗ್ರಿ ಆದರೆ ಅದೇ ಕೆಲಸಕ್ಕೆ ಸುಮಾರು 86. ಅಡಿಕೆ ಸುಲಿಯುವ ಮನೆಯಾಗಿ, ಫ್ಯಾನಿಗೆ ದೂಳು ಕೂತಿದ್ದರೆ ಇನ್ನೂ ಜಾಸ್ತಿ.

ಈ ಬಿಸಿಯ ಮೇಲೆ ಕಣ್ಣಿಡುವುದು ಆಪರೇಟಿಂಗ್ ಸಿಸ್ಟಮ್‌ನ ಬುಡದಲ್ಲಿರುವ ಕರ್ನಲ್. ಲಿನಕ್ಸ್ ಕರ್ನಲ್ ಸೆನ್ಸರ್‌ನ ಲೆಕ್ಕವನ್ನು ಡಿಗ್ರಿಯ ಸಾವಿರದ ಒಂದು ಪಾಲಿನಲ್ಲಿ ಇಡುತ್ತದೆ. 86 ಡಿಗ್ರಿ ಅದಕ್ಕೆ 86000. ಲಿಂಗನಮಕ್ಕಿಯಲ್ಲಿ ನೀರು 1819 ಅಡಿ ತುಂಬುವ ಮೊದಲೇ ಗೇಟಿನ ಲೆಕ್ಕ ಹಾಕುವಂತೆ, ಇಲ್ಲೂ ಮುಂಚೆಯೇ ಗೊತ್ತುಮಾಡಿದ ಮಟ್ಟಗಳಿವೆ. ಅವೇ ಟ್ರಿಪ್ ಪಾಯಿಂಟ್. ಸಾಮಾನ್ಯವಾಗಿ ಮೊದಲು ಫ್ಯಾನ್ ಜೋರಾಗುತ್ತದೆ. (ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನನ್ನು ನೋಡಿಕೊಳ್ಳುವುದು ಬೇರೆಯೇ ಒಂದು ಚಿಕ್ಕ ಚಿಪ್.) ಬಿಸಿ ಅದಕ್ಕೂ ಬಗ್ಗದಿದ್ದರೆ ವೇಗಕ್ಕೆ ಕತ್ತರಿ. ಕ್ರಿಟಿಕಲ್ ಮಟ್ಟ ಮುಟ್ಟಿತೋ, ಕರ್ನಲ್ ಯಂತ್ರವನ್ನೇ ಆಫ್ ಮಾಡಿಸುತ್ತದೆ.

ನನಗೆ ಹಿಡಿಸುವುದು ನಡುವಿನ ಹಂತ. ವೇಗ ಇಳಿಸಿದರೆ ವೋಲ್ಟೇಜನ್ನೂ ಇಳಿಸಬಹುದು. ಚಿಪ್ ಕೆಲಸ ಮಾಡುವಾಗ ಎಳೆಯುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರಿಳಿಯುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು. ಎರಡನ್ನೂ ಶೇ. 20ರಷ್ಟು ಇಳಿಸಿದರೆ 0.8ನ್ನು ಮೂರು ಸಲ ಗುಣಿಸಬೇಕು: 0.512. ವೇಗದಲ್ಲಿ ಐದರಲ್ಲೊಂದು ಪಾಲು ಹೋಯಿತು, ಆ ಬಿಸಿ ಹೆಚ್ಚುಕಮ್ಮಿ ಅರ್ಧವಾಯಿತು. ಒಳ್ಳೆಯ ವ್ಯಾಪಾರವೇ. ಇನ್ನು, ಮಟ್ಟಕ್ಕಿಂತ ಒಂಚೂರು ತಣಿದ ಕೂಡಲೇ ವೇಗ ಏರಿಸಿದರೆ ಮತ್ತೆ ಬಿಸಿ, ಮತ್ತೆ ಕಡಿತ. ಹಾಗಾಗಿ ಇನ್ನೂ ಕೆಲವು ಡಿಗ್ರಿ ಇಳಿಯುವ ತನಕ ಕಾಯುವ ಏರ್ಪಾಡೂ ಇದೆ.

ಆದರೆ ಕರ್ನಲ್ಲೇ ಹ್ಯಾಂಗ್ ಆದರೆ? ಚಿಪ್ ಅದನ್ನು ಪೂರ್ತಿ ನಂಬಿಕೊಂಡು ಕೂತಿಲ್ಲ. ಇಂಟೆಲ್ ಪ್ರೊಸೆಸರ್‌ಗಳು ಮಿತಿ ಮುಟ್ಟಿದಾಗ ತಾವೇ ನಿಧಾನವಾಗುತ್ತವೆ. ಬಿಸಿ ಅದಕ್ಕೂ ಮೀರಿದರೆ ಯಾರನ್ನೂ ಕೇಳದೆ ಕರೆಂಟ್ ಕಡಿತ. ನಿಧಾನವಾದ ಸುದ್ದಿ ಮಾತ್ರ ಕರ್ನಲ್‌ಗೆ ಬರುತ್ತದೆ. ಅದು ಲಾಗ್‌ನಲ್ಲಿ, ಅಂದರೆ ಯಂತ್ರದ ದಿನಚರಿಯಲ್ಲಿ, ಒಂದು ಸಾಲು ಬರೆದಿಡುತ್ತದೆ.

ಲ್ಯಾಪ್‌ಟಾಪ್ ತೆವಳಿದ ಹೊತ್ತಿಗೇ ಲಾಗ್‌ನಲ್ಲಿ ಅಂಥ ಸಾಲುಗಳಿದ್ದರೆ ಫ್ಯಾನಿನ ದೂಳು ತೆಗೆಸಿ. ಬಿಸಿಯೂ ಇಲ್ಲ, ಆ ಸಾಲುಗಳೂ ಇಲ್ಲ ಅಂದರೆ ರ‍್ಯಾಮ್ ಮಾತಾಡೋಣ.