ಬೆಳಿಗ್ಗೆಯ ಪರ್ಮಿಟ್, ಸಂಜೆಯ ಸಹಿ

ಕಾರ್ಖಾನೆಯಲ್ಲಿ ಅಪಾಯದ ಕೆಲಸಕ್ಕೆ ಮುಂಚೆ ಬರೆದು ಕೊಡುವ ಅನುಮತಿ ಪತ್ರವೇ ಪರ್ಮಿಟ್. ಅದರ ಆಡಿಟ್‌ಗೆ ಹೋದಾಗ ನಾನು ಮೊದಲು ಕೇಳುವುದು ಹಿಂದಿನ ದಿನ ಮುಚ್ಚಿದ ಪರ್ಮಿಟ್‌ಗಳ ಕಟ್ಟು. 'ಇವತ್ತಿನದು ನೋಡಿ ಸಾರ್, ಎಲ್ಲಾ ಪಕ್ಕಾ ಇದೆ' ಅನ್ನುತ್ತಾರೆ. ಇರಬಹುದು. ಬೆಳಿಗ್ಗೆ ಎಲ್ಲರೂ ಹುಷಾರಾಗಿರುತ್ತಾರೆ. ಗ್ಯಾಸ್ ಟೆಸ್ಟ್ ಮಾಡಿರುತ್ತಾರೆ, ಯಾರೂ ಯಂತ್ರ ಚಾಲೂ ಮಾಡದಂತೆ ಬೀಗ ಹಾಕಿ ಟ್ಯಾಗ್ ಕಟ್ಟಿರುತ್ತಾರೆ, ಕೆಲಸಕ್ಕೆ ಮುಂಚಿನ ಸುರಕ್ಷತೆಯ ಟೂಲ್‌ಬಾಕ್ಸ್ ಮಾತುಕತೆಗೆ ಎಲ್ಲರ ಸಹಿ ಇರುತ್ತದೆ. ನಿನ್ನೆಯ ಕಟ್ಟು ಬಿಚ್ಚಿದರೆ ಮಾತ್ರ ಬೇರೆ ಕತೆ. ಮುಚ್ಚುವ ಕಾಲಂನಲ್ಲಿ ಅಷ್ಟೂ ಪರ್ಮಿಟ್‌ಗೆ ಒಂದೇ ಸಮಯ, ಸಂಜೆ 5.30. ಒಂದೇ ಪೆನ್ನು, ಒಂದೇ ಸಹಿ. ಒಂದು ಕೆಲಸ ಬಾಯ್ಲರ್ ಹತ್ತಿರ, ಇನ್ನೊಂದು ಟ್ಯಾಂಕ್ ಮೇಲೆ, ಮತ್ತೊಂದು ಪಂಪ್‌ಹೌಸಿನಲ್ಲಿ. ಒಬ್ಬ ಮನುಷ್ಯ ಒಂದೇ ನಿಮಿಷದಲ್ಲಿ ಇಷ್ಟೂ ಕಡೆ ನಿಂತು ನೋಡೋಕಾಗಲ್ಲ. ಅಂದರೆ ಯಾರೂ ಹೋಗಿ ನೋಡಿಲ್ಲ.

ಪರ್ಮಿಟ್ ಯಾರು ಕೊಡಬೇಕು, ಯಾರು ತಗೋಬೇಕು ಎಂದೆಲ್ಲ ಇಲ್ಲಿ ಬರೆಯುವುದಿಲ್ಲ. ಈ ಕೆಲಸದಲ್ಲಿರುವವರಿಗೆ ಅದು ಗೊತ್ತು. ನನಗೆ ಬೇಸರ ತರಿಸುವುದು ಒಂದೇ ವಿಷಯ. ಪರ್ಮಿಟ್ ಮುಚ್ಚುವುದನ್ನು ಜನ ಕ್ಲಾರ್ಕ್ ಕೆಲಸ ಅಂದುಕೊಂಡಿದ್ದಾರೆ. ಕೆಲಸ ಮುಗೀತು, ಕಾಗದ ವಾಪಸ್ ಕೊಟ್ಟೆವು, ಸಹಿ ಬಿತ್ತು, ಮನೆಗೆ ಹೊರಟೆವು. ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಬೆಳಿಗ್ಗೆ ಪರ್ಮಿಟ್ ತೆರೆದಾಗ ಅಪಾಯ ಯಾರಿಗೆ? ಆ ಕೆಲಸಕ್ಕೆ ಕೈ ಹಾಕುವವರಿಗೆ. ಅವರು ಅಲ್ಲೇ ಇರುತ್ತಾರೆ. ಕಣ್ಣಿಂದ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಇಷ್ಟವಾಗದಿದ್ದರೆ ಬಿಟ್ಟು ಹೊರಗೆ ಬರುತ್ತಾರೆ. ಸಂಜೆ ಮುಚ್ಚಿದ ಮೇಲೆ ಅದೇ ಅಪಾಯ ಬೇರೆಯವರ ಕೈಗೆ ಹೋಗುತ್ತದೆ. ರಾತ್ರಿ ಪಾಳಿಯ ಆಪರೇಟರ್ ಪೈಪ್ ಜೋಡಿಸುವ ಆ ಫ್ಲ್ಯಾಂಜ್ ಬಿಚ್ಚಿದ್ದನ್ನು ನೋಡಿಲ್ಲ. ಫಿಟ್ಟರ್ ಜೊತೆ ಮಾತಾಡಿಲ್ಲ. ಅವನ ಹತ್ತಿರ ಇರುವುದು 'ಕೆಲಸ ಮುಗಿದಿದೆ, ಯಂತ್ರ ಸಿದ್ಧವಿದೆ' ಎಂದು ಸಹಿ ಹಾಕಿದ ಒಂದು ಕಾಗದ. ಅದನ್ನು ನಂಬಿ ಅವನು ಬಟನ್ ಒತ್ತುತ್ತಾನೆ. ನಂಬದೆ ಬೇರೆ ದಾರಿಯೂ ಅವನಿಗಿಲ್ಲ. ಮುಚ್ಚುವ ಸಹಿಯ ತೂಕ ತೆರೆಯುವ ಸಹಿಗಿಂತ ಒಂದು ಗುಂಜಿ ಜಾಸ್ತಿಯೇ ಎಂದು ನಾನು ಹೇಳುವುದು ಇದಕ್ಕೆ.

ಮನೆ ಬಾಡಿಗೆಗೆ ಕೊಟ್ಟವರು ಬೀಗದ ಕೈ ವಾಪಸ್ ತಗೊಳ್ಳುವ ಮುಂಚೆ ಒಂದು ಸುತ್ತು ಹಾಕಿ ನೋಡುತ್ತಾರೆ ಅಲ್ವಾ? ನಲ್ಲಿ ಸೋರುತ್ತಿದೆಯಾ, ಸ್ವಿಚ್ ಕೆಲಸ ಮಾಡುತ್ತದೆಯಾ ಅಂತ. ಅಷ್ಟು ಮಾಡಿದರೂ ಸಾಕು, ನನ್ನ ತಕರಾರಿನ ಮುಕ್ಕಾಲು ಭಾಗ ಮುಗಿಯುತ್ತದೆ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಕೆಲಸ ಮುಗಿಯುವುದು ಬೇರೆ, ಇವತ್ತಿಗೆ ನಿಲ್ಲುವುದು ಬೇರೆ. ಮುಗಿದರೆ ಪರ್ಮಿಟ್ ಮುಚ್ಚಬೇಕು. ನಿಂತರೆ ಅದು ಸಸ್ಪೆಂಡ್ ಆಗಿರುತ್ತದೆ. ಪೈಪ್ ಇನ್ನೂ ತೆರೆದೇ ಇದೆ, ಬೀಗ ಹಾಗೇ ಇರಬೇಕು, ಯಂತ್ರ ಮುಟ್ಟುವಂತಿಲ್ಲ. ಎಷ್ಟೋ ಕಡೆ ಫಾರಂನಲ್ಲಿ ಇವೆರಡಕ್ಕೂ ಒಂದೇ ಚೌಕ, ಒಂದೇ ಸಹಿ. 'ನಾಳೆ ಬೆಳಿಗ್ಗೆ ಹೊಸದು ಬರೆದುಕೊಂಡರಾಯ್ತು ಸಾರ್, ಅದೇ ಕೆಲಸ ತಾನೇ?' ಅನ್ನುತ್ತಾರೆ. ನಾಳೆ ಬೆಳಿಗ್ಗೆಯ ಮಾತು ಸರಿ. ನಡುವೆ ಒಂದು ರಾತ್ರಿ ಇದೆಯಲ್ಲ?

ಆ ಒಂದು ರಾತ್ರಿಯಲ್ಲಿ ಏನಾಗಬಹುದು ಎನ್ನುವುದಕ್ಕೆ ಪೈಪರ್ ಆಲ್ಫಾ ಇದೆ. ಉತ್ತರ ಸಮುದ್ರದಲ್ಲಿದ್ದ ತೈಲ ಪ್ಲಾಟ್‌ಫಾರಂ. 1988ರ ಜುಲೈ 6. ಗ್ಯಾಸಿನಿಂದ ಬೇರ್ಪಡುವ ಹಗುರ ಎಣ್ಣೆಯನ್ನು, ಅಂದರೆ ಕಂಡೆನ್ಸೇಟನ್ನು, ತಳ್ಳುವ ಎರಡು ಪಂಪ್‌ಗಳಲ್ಲಿ 'ಎ' ಪಂಪನ್ನು ದೊಡ್ಡ ರಿಪೇರಿಗೆಂದು ನಿಲ್ಲಿಸಿದ್ದರು, ಆದರೆ ಆ ರಿಪೇರಿ ಇನ್ನೂ ಶುರುವಾಗಿರಲಿಲ್ಲ. ಅದೇ ಪಂಪಿನ ಲೈನಿನಲ್ಲಿದ್ದ, ಒತ್ತಡ ಹೆಚ್ಚಾದರೆ ಹೊರಬಿಡುವ ರಿಲೀಫ್ ವಾಲ್ವನ್ನು ಪರೀಕ್ಷೆಗೆ ಬಿಚ್ಚಿದ್ದರು. ಇದಕ್ಕೆ ಬೇರೆ ಪರ್ಮಿಟ್. ಸಂಜೆಯೊಳಗೆ ವಾಲ್ವ್ ವಾಪಸ್ ಕೂರಿಸಲಾಗಲಿಲ್ಲ. ಆ ಜಾಗಕ್ಕೆ ಪೈಪಿನ ಬಾಯಿ ಮುಚ್ಚುವ ತಟ್ಟೆ, ಅಂದರೆ ಒಂದು ಬ್ಲೈಂಡ್ ಫ್ಲ್ಯಾಂಜ್ ಇಟ್ಟು ಕೆಲಸ ನಿಲ್ಲಿಸಿದರು. ಪಾಳಿ ಬದಲಾಯಿತು. ವಾಲ್ವ್ ಇಲ್ಲ ಎನ್ನುವ ಮಾತು ರಾತ್ರಿಯವರನ್ನು ತಲುಪಲೇ ಇಲ್ಲ.

ರಾತ್ರಿ ಸುಮಾರು 9.45ಕ್ಕೆ 'ಬಿ' ಪಂಪ್ ನಿಂತುಹೋಯಿತು. ಮತ್ತೆ ಶುರುವಾಗಲಿಲ್ಲ. ಕಂಡೆನ್ಸೇಟ್ ಮುಂದಕ್ಕೆ ಹೋಗದಿದ್ದರೆ ಇಡೀ ಪ್ಲಾಟ್‌ಫಾರಂನ ಕರೆಂಟಿಗೇ ಕುತ್ತು. 'ಎ' ಪಂಪಿನ ರಿಪೇರಿ ಪರ್ಮಿಟ್ ಅವರಿಗೆ ಸಿಕ್ಕಿತು. ಕೆಲಸ ಶುರುವಾಗಿಲ್ಲ, ಅಂದರೆ ಪಂಪ್ ಚೆನ್ನಾಗಿದೆ ಅಂದುಕೊಂಡರು. ರಿಲೀಫ್ ವಾಲ್ವಿನ ಪರ್ಮಿಟ್ ಅವರ ಕಣ್ಣಿಗೆ ಬೀಳಲಿಲ್ಲ. ಒಂದು ಪರ್ಮಿಟ್‌ನಲ್ಲಿ ಇನ್ನೊಂದರ ಸುಳಿವೂ ಇರಲಿಲ್ಲ. ಪಂಪ್ ಚಾಲೂ ಮಾಡಿದಾಗ ಆ ಫ್ಲ್ಯಾಂಜ್ ಹತ್ತಿರ ಕಂಡೆನ್ಸೇಟ್ ಸೋರಿತು, ಹತ್ತು ಗಂಟೆಗೆ ಸ್ಫೋಟವಾಯಿತು ಎಂಬುದು ಆಮೇಲೆ ನಡೆದ ಲಾರ್ಡ್ ಕಲ್ಲನ್ ವಿಚಾರಣೆಯ ತೀರ್ಮಾನ. 167 ಜನ ಸತ್ತರು. 1990ರಲ್ಲಿ ಬಂದ ಆ ವರದಿಯಲ್ಲಿ 106 ಶಿಫಾರಸುಗಳಿವೆ. ಪರ್ಮಿಟ್ ಮತ್ತು ಪಾಳಿ ಹಸ್ತಾಂತರದ ಬಗ್ಗೆ ಇವತ್ತು ನಾವು ಹೇಳುವ ಎಷ್ಟೋ ಮಾತಿನ ಬೇರು ಅಲ್ಲಿದೆ.

ಅಷ್ಟು ದೊಡ್ಡ ಅನಾಹುತಕ್ಕೆ ಪರ್ಮಿಟ್ ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಬೆಂಕಿ ಆರಿಸುವ ಪಂಪ್‌ಗಳನ್ನು ಆಟೋಮ್ಯಾಟಿಕ್‌ನಿಂದ ಮ್ಯಾನುಯಲ್‌ಗೆ ಹಾಕಿಟ್ಟಿದ್ದರು. ಪಕ್ಕದ ಪ್ಲಾಟ್‌ಫಾರಂಗಳಿಂದ ಎಣ್ಣೆ ಹರಿಯುತ್ತಲೇ ಇತ್ತು. ಆದರೆ ಮೊದಲ ಕಿಡಿ ಹೊತ್ತಿದ್ದು ಎಲ್ಲಿ ಅಂತ ನೋಡಿ. ಅಲ್ಲಿ ಪರ್ಮಿಟ್ ಇತ್ತು, ಒಂದಲ್ಲ, ಎರಡು. ಕೆಲಸ ಅರ್ಧಕ್ಕೆ ನಿಂತಿದೆ ಎನ್ನುವುದನ್ನು ಮುಂದಿನವರಿಗೆ ಬಾಯಿಬಿಟ್ಟು ಹೇಳುವ ವ್ಯವಸ್ಥೆ ಇರಲಿಲ್ಲ.

ನನಗೆ ಗೊತ್ತಿರುವ ಒಬ್ಬ ಶಿಫ್ಟ್ ಇನ್‌ಚಾರ್ಜ್ ಇದ್ದರು. ಈಗ ನಿವೃತ್ತರು. ಕಾಂಟ್ರಾಕ್ಟರ್ ಹುಡುಗರು ಅವರನ್ನು ಕಂಡರೆ ಸ್ವಲ್ಪ ಹೆದರುತ್ತಿದ್ದರು, ಜಾಸ್ತಿ ಇಷ್ಟಪಡುತ್ತಿದ್ದರು. ಪರ್ಮಿಟ್ ಮುಚ್ಚೋಕೆ ಬಂದವರಿಗೆ 'ನಡಿಯಪ್ಪಾ, ಹೋಗೋಣ' ಅನ್ನುವುದು ಅವರ ರೂಢಿ. ಹೆಲ್ಮೆಟ್ ಹಾಕಿಕೊಂಡು ಎದ್ದೇಬಿಡುತ್ತಿದ್ದರು. ಫ್ಲ್ಯಾಂಜಿನ ಒಂದೊಂದು ಬೋಲ್ಟನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದರು. ಬೆರಳಿಗೆ ತಿರುಗಿದರೆ ಸಹಿ ಇಲ್ಲ.

ಒಂದು ಸಲ ಟ್ಯಾಂಕ್ ಕ್ಲೀನಿಂಗ್ ಮುಗಿದಿತ್ತು. ಒಳಗೆ ಜನ ಇಳಿಯುವ ಮುಂಚೆ ಲೈನುಗಳಿಗೆ ಐದು ಬ್ಲೈಂಡ್ ಹಾಕಿದ್ದರು. ಸೂಪರ್‌ವೈಸರ್ ಬಂದು 'ಎಲ್ಲಾ ಬ್ಲೈಂಡ್ ತೆಗೆದಾಯ್ತು ಸಾರ್' ಅಂದ. ಇವರು 'ತೆಗೆದಿದ್ದನ್ನ ತೋರಿಸು' ಅಂದರು. ನೆಲದ ಮೇಲೆ ಸಾಲಾಗಿ ಇಟ್ಟಿದ್ದರು.

'ನಾಲ್ಕೇ ಇದೆಯಲ್ಲಪ್ಪಾ?'

'ಇನ್ನೊಂದು ಸ್ಟೋರಿಗೆ ಹೋಗಿರಬೇಕು ಸಾರ್.'

'ಹೋಗಿ ತಗೊಂಡು ಬಾ. ಕಾಯ್ತೀನಿ.'

ಸ್ಟೋರಿನಲ್ಲಿ ಇರಲಿಲ್ಲ. ಟ್ಯಾಂಕಿನ ತಲೆಯ ಮೇಲೆ, ಗಾಳಿ ಹೋಗಿ ಬರುವ ವೆಂಟ್ ಲೈನಿನಲ್ಲೇ ಕೂತಿತ್ತು. ವೆಂಟ್ ಮುಚ್ಚಿದ ಟ್ಯಾಂಕಿನಿಂದ ಪಂಪ್ ಹಾಕಿ ಎಳೆದರೆ ಒಳಗೆ ನಿರ್ವಾತವಾಗುತ್ತದೆ. ಇಂಥ ಟ್ಯಾಂಕಿನ ತಗಡು ಒಳಗಿನ ಒತ್ತಡವನ್ನು ಸ್ವಲ್ಪವಾದರೂ ತಾಳುತ್ತದೆ, ಒಳಕ್ಕೆ ಎಳೆಯುವುದನ್ನು ಮಾತ್ರ ಬಹಳ ಕಡಿಮೆ ತಾಳುತ್ತದೆ. ನೋಡ ನೋಡುತ್ತಾ ಒಳಕ್ಕೆ ಮುದುಡಿಕೊಳ್ಳುತ್ತದೆ. ಆ ಸಂಜೆ ಹಾಗಾಗಲಿಲ್ಲ. ಸೂಪರ್‌ವೈಸರ್ ಸುಳ್ಳು ಹೇಳಿದ್ದನೇ? ಇಲ್ಲ. ಮೇಲೆ ಹತ್ತಿದ ಹುಡುಗ ತೆಗೆದಿದ್ದಾನೆ ಎಂದು ಅವನು ನಂಬಿದ್ದ. ಆ ಹುಡುಗನನ್ನು ಮಧ್ಯಾಹ್ನವೇ ಬೇರೆ ಕೆಲಸಕ್ಕೆ ಕಳಿಸಿದ್ದರು. ಯಾರ ಮೇಲೂ ಕೂಗಾಡದೆ ಇವರು ಬ್ಲೈಂಡ್ ತೆಗೆಸಿದರು, ಐದನ್ನೂ ಎಣಿಸಿದರು, ಸಹಿ ಹಾಕಿದರು.

'ತೆಗೆದಾಯ್ತು' ಎಂಬ ಮಾತಿಗೂ ತೆಗೆದ ವಸ್ತುವಿಗೂ ಇರುವ ಈ ಅಂತರವನ್ನು ಫಾರಂ ತುಂಬುವುದಿಲ್ಲ. ಮುಚ್ಚುವ ಕಾಲಂಗಳ ಮೇಲಿಂದ ಕೆಳಗೆ ಒಂದೇ ಗೆರೆ ಎಳೆದು 'ಎನ್ಎ' (ಅನ್ವಯಿಸುವುದಿಲ್ಲ) ಎಂದು ಬರೆದ ಪರ್ಮಿಟ್ ನೋಡಿದರೆ ನನಗೆ ತಳಮಳವಾಗುತ್ತದೆ. ತೆರೆಯುವಾಗಲೂ ಈ ಚಟ ಜೀವ ತೆಗೆದಿದೆ. 2005ರ ನವೆಂಬರ್‌ನಲ್ಲಿ ಅಮೆರಿಕದ ಡೆಲಾವೇರ್‌ನ ಒಂದು ರಿಫೈನರಿಯಲ್ಲಿ ರಿಯಾಕ್ಟರ್ ಒಳಗೆ ನೈಟ್ರೋಜನ್ ಹರಿಯುತ್ತಿತ್ತು. ಪರ್ಮಿಟ್‌ನಲ್ಲಿ ನೈಟ್ರೋಜನ್ ಚೌಕದ ಮುಂದೆ 'ಎನ್ಎ' ಎಂದು ಬರೆದಿತ್ತು. ಇಬ್ಬರು ಉಸಿರುಗಟ್ಟಿ ಸತ್ತರು, ಎರಡನೆಯವರು ಮೊದಲನೆಯವರನ್ನು ಉಳಿಸಲು ಹೋದವರು. ನೈಟ್ರೋಜನ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಲ್ಲಿ ಎಚ್ಚರಿಸಲು ಇದ್ದದ್ದು ಆ ಚೌಕ.

ಹಾಟ್ ವರ್ಕ್, ಅಂದರೆ ವೆಲ್ಡಿಂಗ್‌ನಂಥ ಕಿಡಿ ಹಾರುವ ಕೆಲಸದ ಪರ್ಮಿಟ್ ಮುಚ್ಚುವುದರಲ್ಲಂತೂ ಅವಸರವೇ ಅವಸರ. ವೆಲ್ಡಿಂಗ್ ನಿಂತ ತಕ್ಷಣ ಬೆಂಕಿಯ ಅಪಾಯ ಮುಗಿಯಿತು ಅಂದುಕೊಳ್ಳುತ್ತಾರೆ. ಕಿಡಿ ಇನ್ಸುಲೇಶನ್ ಒಳಗೆ, ಕೇಬಲ್ ಟ್ರೇ ಮೂಲೆಯಲ್ಲಿ, ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಹೊಗೆಯೂ ಕಾಣದಂತೆ ಕೂತಿರುತ್ತದೆ. ಕೆಲಸ ಮುಗಿದ ಮೇಲೂ ಫೈರ್ ವಾಚ್, ಅಂದರೆ ಬೆಂಕಿ ಕಾವಲು ನಿಲ್ಲಬೇಕು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 51ಬಿ ಮಾನದಂಡದಲ್ಲಿ ಇದು ಮೊದಲು ಅರ್ಧ ಗಂಟೆ ಇತ್ತು, 2019ರ ಆವೃತ್ತಿಯಲ್ಲಿ ಒಂದು ಗಂಟೆ ಮಾಡಿದರು. ನಿಮ್ಮಲ್ಲಿ ಯಾವ ನಿಯಮ ಅನ್ವಯಿಸುತ್ತದೆ ನೋಡಿಕೊಳ್ಳಿ, ಇನ್ನೂ ಬಿಗಿಯಾದದ್ದು ಇದ್ದರೆ ಅದನ್ನೇ ಹಿಡಿಯಿರಿ. ಆದರೆ 5.25ಕ್ಕೆ ವೆಲ್ಡಿಂಗ್ ನಿಂತು 5.30ಕ್ಕೆ ಪರ್ಮಿಟ್ ಮುಚ್ಚಿದ್ದರೆ ಯಾವ ನಿಯಮದಲ್ಲೂ ಅದು ಸರಿಯಾಗುವುದಿಲ್ಲ.

ವೆಲ್ಡಿಂಗ್ ಹೊಗೆಗೆ ಅಲಾರಂ ಹೊಡೆಯಬಾರದು ಅಂತ ಸ್ಮೋಕ್ ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಚೀಲ ಸುತ್ತುವುದುಂಟು. ಸುತ್ತಲಿ, ಪರ್ಮಿಟ್‌ನಲ್ಲಿ ಬರೆದು ಸುತ್ತಲಿ. ಒಂದು ಕಡೆ ತಲೆ ಎತ್ತಿ ನೋಡಿದಾಗ ಚೀಲದ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ರಬ್ಬರ್ ಬ್ಯಾಂಡ್ ಒಣಗಿ ಬಿರುಕು ಬಿಟ್ಟಿತ್ತು. ಕೆಳಗೆ ದಿನಾ ನೂರಾರು ಜನ ಓಡಾಡುವ ಜಾಗ. ಆ ಕೆಲಸದ ಪರ್ಮಿಟ್ ಹುಡುಕಿಸಿದೆ. ಚೆಂದವಾಗಿ ಮುಚ್ಚಿದ್ದರು. 'ಡಿಟೆಕ್ಟರ್ ಯಥಾಸ್ಥಿತಿಗೆ' ಎಂಬಲ್ಲಿ ಟಿಕ್ ಕೂಡ ಇತ್ತು.

ಇಷ್ಟೆಲ್ಲ ಬರೆದ ಮೇಲೆ ಸಹಿ ಹಾಕುವವರನ್ನು ಬೈಯುತ್ತಿದ್ದೇನೆ ಅನ್ನಿಸಬಹುದು. ಅವರ ಪಾಡು ನನಗೆ ಗೊತ್ತು. ಸಂಜೆ ಎಲ್ಲಾ ಕಾಂಟ್ರಾಕ್ಟರ್‌ಗಳೂ ಒಟ್ಟಿಗೆ ಕೌಂಟರಿಗೆ ಬಂದು ನಿಲ್ಲುತ್ತಾರೆ. ಬಸ್ ಹೊರಡುವ ಹೊತ್ತು. ಬಸ್ ತಪ್ಪಿದರೆ ಹುಡುಗರು ಮನೆ ಸೇರುವುದು ಕಷ್ಟ. ಅತ್ತ ಪ್ಯಾನಲ್‌ನಲ್ಲಿ ಅಲಾರಂ, ಇತ್ತ ಮುಂದಿನ ಪಾಳಿಯವರು ಬಂದು ನಿಂತಿದ್ದಾರೆ. ಇಂಥ ಹೊತ್ತಲ್ಲಿ ಯಾರಾದರೂ ಹೆಲ್ಮೆಟ್ ಹಾಕಿಕೊಂಡು ಪ್ಲಾಂಟ್ ಸುತ್ತೋಕೆ ಹೋಗುತ್ತಾರಾ? ಸಹಿ ಹಾಕಿ ಕಳಿಸುವುದು ಅವರಿಗೆ ಕನಿಕರದ ಕೆಲಸ ಅನ್ನಿಸುತ್ತದೆ. ಮ್ಯಾನೇಜ್‌ಮೆಂಟ್‌ನವರಿಗೆ ನಾನು ಹೇಳುವುದು ಇಷ್ಟೇ: ಮುಚ್ಚುವ ಹೊತ್ತನ್ನು ಪಾಳಿ ಬದಲಾಗುವ ಹೊತ್ತಿನಿಂದ ಬೇರೆ ಮಾಡಿ. ಕೆಲಸ ಒಂದು ಗಂಟೆ ಮುಂಚೆ ನಿಲ್ಲಲಿ. ಪರ್ಮಿಟ್ ಕೊಡುವ ಒಬ್ಬ ಇಶ್ಯೂಯರ್ ಒಂದು ದಿನಕ್ಕೆ ಎಷ್ಟು ಪರ್ಮಿಟ್ ತೆರೆಯಬಹುದು ಎಂಬುದಕ್ಕೆ ಮಿತಿ ಇರಲಿ. ಆ ಮಿತಿ ಎಷ್ಟು ಅಂತ ದೂರದಿಂದ ಹೇಳೋಕಾಗಲ್ಲ. ನಿಮ್ಮ ಪ್ಲಾಂಟ್ ಎಷ್ಟು ಹರಡಿದೆ, ಕೆಲಸಗಳು ಎಂಥವು ಎನ್ನುವುದರ ಮೇಲೆ ಹೋಗುತ್ತದೆ. ಆದರೆ ಅವನು ಎಷ್ಟು ಜಾಗ ನಡೆದು ನೋಡಬಲ್ಲನೋ ಅದಕ್ಕಿಂತ ಜಾಸ್ತಿ ಕೊಟ್ಟರೆ, ಸುಳ್ಳು ಸಹಿ ಹಾಕಿಸುತ್ತಿರುವವರು ನೀವೇ.

ಸಸ್ಪೆಂಡ್ ಆದ ಪರ್ಮಿಟ್‌ಗಳು ಕಂಟ್ರೋಲ್ ರೂಂನಲ್ಲೇ, ಎಲ್ಲರ ಕಣ್ಣಿಗೆ ಬೀಳುವ ಬೋರ್ಡಿನ ಮೇಲೆ ಇರಲಿ. ಯಂತ್ರದ ನಂಬರ್ ಪ್ರಕಾರ ಜೋಡಿಸಿ. ಒಂದೇ ಯಂತ್ರದ ಮೇಲೆ ಎರಡು ಪರ್ಮಿಟ್ ಇದ್ದರೆ ಒಂದರಲ್ಲಿ ಇನ್ನೊಂದರ ನಂಬರ್ ಇರಲೇಬೇಕು. ಪಾಳಿ ಬದಲಾಗುವಾಗ ಇಬ್ಬರೂ ಆ ಬೋರ್ಡಿನ ಮುಂದೆ ನಿಂತು ಒಂದೊಂದನ್ನೂ ಓದಿಕೊಳ್ಳಲಿ. ಈಗ ಪರ್ಮಿಟ್ ಕಂಪ್ಯೂಟರ್‌ಗೆ ಬಂದಿದೆ, ಈ ಜೋಡಣೆಯನ್ನು ಅದು ತಾನೇ ಮಾಡುತ್ತದೆ, ಒಳ್ಳೆಯದೇ. ಆದರೆ ಕುರ್ಚಿಯಲ್ಲಿ ಕೂತು ಹತ್ತು ಸಹಿ ಹಾಕುವ ಬದಲು ಹತ್ತು ಕ್ಲಿಕ್ ಮಾಡಿದರೆ ಬೋಲ್ಟ್ ಬಿಗಿಯಾಗುವುದಿಲ್ಲ.

ಕೊನೆಗೆ ಬೀಗದ ವಿಷಯ, ಇದನ್ನು ಮೊನ್ನೆ ಮೊನ್ನೆಯೂ ಒಬ್ಬರು ಕೇಳಿದರು. ಕೆಲಸ ಮುಗಿದಿದೆ, ಪರ್ಮಿಟ್ ಮುಚ್ಚಬೇಕು, ಆದರೆ ಫಿಟ್ಟರ್ ತನ್ನ ಬೀಗ ತೆಗೆಯದೆ ಕೀ ಜೇಬಲ್ಲಿಟ್ಟುಕೊಂಡು ಮನೆಗೆ ಹೋಗಿದ್ದಾನೆ. ಕಟರ್ ತಂದು ಕತ್ತರಿಸಬಹುದಾ? ಸುಮ್ನೆ ಕತ್ತರಿಸುವಂತಿಲ್ಲ. ಅವನು ನಿಜವಾಗಿ ಗೇಟಿನಿಂದ ಆಚೆ ಹೋಗಿದ್ದಾನೆ ಎಂದು ಮೊದಲು ಖಚಿತ ಮಾಡಿಕೊಳ್ಳಿ, ಯಂತ್ರದ ಒಳಗೆ ಇನ್ನೂ ಇರಲೂಬಹುದು. ಅವನಿಗೆ ಫೋನ್ ಮಾಡಲು ಪ್ರಯತ್ನಿಸಿ. ಯಂತ್ರದ ಸುತ್ತ ಹೋಗಿ ನೋಡಿ. ನಿಮ್ಮ ನಿಯಮದಲ್ಲಿ ಯಾರಿಗೆ ಅಧಿಕಾರ ಇದೆಯೋ ಅವರೇ ಎದುರಿಗೆ ನಿಂತು, ಬರೆದಿಟ್ಟು ತೆಗೆಸಲಿ. ಮಾರನೇ ದಿನ ಆ ಫಿಟ್ಟರ್ ಕೆಲಸಕ್ಕೆ ಕೈ ಹಾಕುವ ಮುಂಚೆ ಅವನಿಗೆ ವಿಷಯ ಹೇಳಲೇಬೇಕು. ತನ್ನ ಬೀಗ ಅಲ್ಲೇ ಇದೆ ಎಂದು ನಂಬಿ ಅವನು ಬೆಳಿಗ್ಗೆ ಬಂದವನೇ ನೇರ ಮೋಟರಿಗೆ ಕೈ ಇಡುತ್ತಾನೆ.