ವಕೀಲರು ಇದ್ದ ಮೇಲೆ ಡೈವೋರ್ಸ್ ಕೋಚ್ ಯಾಕೆ?

ಉಪ್ಪಳದ ಓದುಗರೊಬ್ಬರ ಪ್ರಶ್ನೆ: "ಮದುವೆಯಾಗಿ ಒಂಬತ್ತು ವರ್ಷ ಆಯ್ತು. ಇನ್ನು ಒಟ್ಟಿಗೆ ಇರಲು ಆಗುವುದಿಲ್ಲ ಅಂತ ಮನಸ್ಸಿಗೆ ಗೊತ್ತಾಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ವಕೀಲರ ಹತ್ತಿರ ಹೋಗುವ ಮೊದಲು ಒಬ್ಬ ಡೈವೋರ್ಸ್ ಕೋಚ್ ಹತ್ತಿರ ಮಾತಾಡು ಅಂತ ಬೆಂಗಳೂರಿನ ಗೆಳತಿ ಹೇಳುತ್ತಾಳೆ. ಅವರು ಮಾಡುವುದಾದರೂ ಏನು? ದುಡ್ಡು ಕೊಡುವಷ್ಟು ಉಪಯೋಗ ಇದೆಯಾ?"

ಉಪಯೋಗ ಇದೆ. ದುಡ್ಡು ಕೊಟ್ಟೇ ಪಡೆಯಬೇಕು ಅಂತೇನಿಲ್ಲ.

ಕೋಚ್ ಅಂದರೆ ವಕೀಲರೂ ಅಲ್ಲ, ಮನಸ್ಸಿನ ಡಾಕ್ಟರೂ ಅಲ್ಲ. ನಿಮಗೆ ಬೇಕಾದ್ದು ಏನು, ಯಾವ ಕಾಗದ ಕೈಯಲ್ಲಿದೆ, ಯಾವುದು ಇಲ್ಲ, ಯಾರ ಹತ್ತಿರ ಎಷ್ಟು ಹೇಳಬೇಕು ಅಂತ ಜೊತೆಗೆ ಕೂತು ಬಿಡಿಸಿ ಕೊಡುವವರು. ಅಮೆರಿಕದಲ್ಲಿ ವಕೀಲರ ಸಂಘವೇ ಇದನ್ನು ವ್ಯಾಜ್ಯ ಬಗೆಹರಿಸುವ ದಾರಿಗಳಲ್ಲಿ ಒಂದು ಅಂತ ಒಪ್ಪಿದೆ. ನಮ್ಮಲ್ಲಿ ಇದಕ್ಕೆ ಲೈಸೆನ್ಸ್ ಅಂತ ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. "ಅರ್ಜಿ ನಾವೇ ಬರೆದು ಕೋರ್ಟಿಗೆ ಹಾಕಿ ಕೊಡುತ್ತೇವೆ" ಅನ್ನುವ ಕೋಚ್ ಸಿಕ್ಕಿದರೆ ಅಲ್ಲಿಂದಲೇ ಎದ್ದು ಬನ್ನಿ. 1961ರ ವಕೀಲರ ಕಾಯಿದೆ ಪ್ರಕಾರ ಅದು ವಕೀಲರ ಕೆಲಸ.

ನನ್ನ ಚಿಕ್ಕಮ್ಮನ ಮಗಳ ಜೊತೆ ಮೊದಲ ಸಲ ವಕೀಲರನ್ನು ನೋಡಲು ಕಾಸರಗೋಡಿಗೆ ಹೋದದ್ದು ಈಗಲೂ ನೆನಪಿದೆ. ಅವರು ಕೇಳಿದ್ದು ಮೂರೇ: ಮದುವೆ ಯಾವಾಗ, ಬೇರೆ ಇರಲು ಶುರು ಮಾಡಿದ್ದು ಯಾವಾಗ, ಚಿನ್ನ ಎಲ್ಲಿದೆ. ಇವಳು ದೀಪಾವಳಿಯ ದಿನ ಅತ್ತೆ ಅಂದ ಒಂದು ಮಾತಿನಿಂದ ಶುರು ಮಾಡಿ ಅಳುತ್ತಾ ಅಳುತ್ತಾ ಅಲ್ಲೇ ಸುತ್ತಿದಳು, ಅಷ್ಟರಲ್ಲಿ ಹೊರಗೆ ಮತ್ತೆ ನಾಲ್ಕು ಜನ ಕಾಯುತ್ತಿದ್ದರು. ಬಸ್ಸಿನಲ್ಲಿ ಕೂತ ಮೇಲೆ, "ಅಕ್ಕಾ, ಹೇಳಬೇಕಾದ್ದು ಒಂದೂ ಹೇಳಲಿಲ್ಲ ಅಲ್ವಾ?" ಅಂದಳು. ಆ ರಾತ್ರಿ ಮಗನ ಹಳೆ ಲೆಕ್ಕದ ಪುಸ್ತಕದ ಉಳಿದ ಹಾಳೆಗಳಲ್ಲಿ ತಾರೀಕು ಹಾಕಿ ಒಂದೊಂದೇ ಬರೆದೆವು. ಜಗಳಗಳಲ್ಲಿ ಮುಕ್ಕಾಲು ಪಾಲು ಹೊಡೆದು ಹಾಕಿದೆವು. ಎರಡನೇ ಸಲ ಒಂದೇ ಹಾಳೆ ಕೈಗೆ ಕೊಟ್ಟಳು, ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ಕೋಚ್ ಮಾಡಿಸುವುದು ಹೆಚ್ಚುಕಮ್ಮಿ ಇದನ್ನೇ.

ತಾರೀಕಿಗೆ ಅಷ್ಟು ಬೆಲೆ ಯಾಕೆಂದರೆ, ಹಿಂದೂ ವಿವಾಹ ಕಾಯಿದೆಯಲ್ಲಿ ಇಬ್ಬರೂ ಒಪ್ಪಿ ಅರ್ಜಿ ಹಾಕುವುದಾದರೆ ಅದಕ್ಕೆ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು. ಒಂದೇ ಮನೆಯಲ್ಲಿದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದ ಲೆಕ್ಕವೇ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಸರಿಯಾದ ಕಾರಣ ಇದ್ದರೆ ಕೋರ್ಟು ಅದನ್ನು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಬೇರೆ ಧರ್ಮದವರಿಗೆ ಬೇರೆ ಕಾನೂನು.

ಇನ್ನೊಂದು, ಫ್ಯಾಮಿಲಿ ಕೋರ್ಟಿನಲ್ಲಿ ನೀವೇ ಬಾಯಿ ಬಿಡಬೇಕಾಗುತ್ತದೆ. ಫ್ಯಾಮಿಲಿ ಕೋರ್ಟ್ ಕಾಯಿದೆ ಬಂದದ್ದು 1984ರಲ್ಲಿ, ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ ವರ್ಷವೇ. ಅದರಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ರಾಜಿ ಮಾಡಿಸಲು ಕೋರ್ಟು ಮೊದಲು ಪ್ರಯತ್ನ ಮಾಡಲೇಬೇಕು, ಅಲ್ಲಿ ಕೌನ್ಸೆಲರ್ ನಿಮ್ಮನ್ನೇ ಕೇಳುತ್ತಾರೆ. ಹಾಗಾಗಿ ಕನ್ನಡಿ ಮುಂದೆ ನಿಂತಾದರೂ ಒಮ್ಮೆ ಹೇಳಿ ನೋಡುವುದು ಒಳ್ಳೆಯದು.

ನಮ್ಮ ಕಡೆಯ ಎರಡು ಸಂಗತಿಗಳು ಬೆಂಗಳೂರಿನ ಕೋಚ್‌ಗೆ ಹೊಳೆಯಲಿಕ್ಕಿಲ್ಲ. ಮದುವೆ ಮಂಗಳೂರಿನ ಹಾಲ್‌ನಲ್ಲಿ, ಗಂಡನ ಮನೆ ಕುಂಬಳೆ, ತವರು ಪುತ್ತೂರು ಅಂತ ಎಷ್ಟು ಜನರಿಲ್ಲ! ಮದುವೆಯಾದ ಊರು, ಕೊನೆಗೆ ಒಟ್ಟಿಗಿದ್ದ ಊರು, ಎದುರು ಪಕ್ಷದವರು ಇರುವ ಊರು, ಹೆಂಡತಿ ಅರ್ಜಿ ಹಾಕುವುದಾದರೆ ಆಕೆ ಈಗ ಇರುವ ಊರು, ಇದರಲ್ಲಿ ಎಲ್ಲಿ ಬೇಕಾದರೂ ಕೇಸು ಹಾಕಬಹುದು. ಅಂದರೆ ಗಡಿಯ ಯಾವ ಬದಿಯ ಕೋರ್ಟು ಅನ್ನುವುದು ಎಷ್ಟೋ ಸಲ ನಿಮ್ಮ ಆಯ್ಕೆ. ಎರಡನೆಯದು ಭಾಷೆ. ಕನ್ನಡ ಮೀಡಿಯಂನಲ್ಲಿ ಕಲಿತ ಎಷ್ಟೋ ಜನರಿಗೆ ಮಲಯಾಳ ಮಾತಾಡಲು ಬಂದರೂ ಓದಲು ಬರುವುದಿಲ್ಲ. ಮಲಯಾಳದ ಕಾಗದ ಕೊಟ್ಟು "ಸುಮ್ನೆ ಒಂದು ಸಹಿ" ಅಂದರೆ, ಓದಿಸಿ ಕೇಳದೆ ಹಾಕಬೇಡಿ. ಅಣ್ಣನೇ ಹೇಳಿದರೂ ಸರಿ.

ಜೀವನಾಂಶದ ಪ್ರಶ್ನೆ ಬಂದರೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲ ಅಫಿಡವಿಟ್‌ನಲ್ಲಿ ಕೊಡಬೇಕು ಅಂತ 2020ರಿಂದ ಇದೆ. ಪಾಸ್‌ಬುಕ್, ತೋಟದ ತೀರ್ವೆ ರಶೀದಿ, ಸೊಸೈಟಿ ಸಾಲ, ಚಿಟ್ಟಿ, ಎಲ್ಲದರ ಪ್ರತಿ ಬೇಕು. ಚಿನ್ನದ್ದು ಇನ್ನೂ ಮುಖ್ಯ. ತವರಿನಿಂದ ಕೊಟ್ಟದ್ದು ಹೆಂಡತಿಯ ಸ್ವಂತ ಸೊತ್ತು ಅಂತ 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಕೊಟ್ಟದ್ದು ಎಷ್ಟು ಅಂತ ತೋರಿಸುವುದು ಯಾರು? ಜುವೆಲ್ಲರಿ ಬಿಲ್ಲಿನ ಅಕ್ಷರ ಮಾಸಿ ಹೋಗಿರುತ್ತದೆ, ಕೂಡಲೇ ಫೋಟೋ ತೆಗೆಯಿರಿ. ಬಿಲ್ಲೇ ಇಲ್ಲದಿದ್ದರೆ ಮದುವೆ ಆಲ್ಬಂ ತೆಗೆದು ಬಳೆ ಎಷ್ಟು, ಸರ ಎಷ್ಟು ಅಂತ ಎಣಿಸಿ ಬರೆಯಿರಿ.

ಕೋಚ್ ಹತ್ತಿರ ಹೋಗುವುದಾದರೆ ಒಂದು ಎಚ್ಚರಿಕೆ. ವಕೀಲರಿಗೆ ಹೇಳಿದ್ದನ್ನು ಕಾನೂನು ಗುಟ್ಟಾಗಿ ಕಾಯುತ್ತದೆ. ಕೋಚ್‌ಗೆ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ, ಅವರನ್ನು ಸಾಕ್ಷಿಗೆ ಕರೆಸಬಹುದು. ಕೋರ್ಟಿನಲ್ಲಿ ಕೇಳಿಸಬಾರದ್ದನ್ನು ಅವರ ವಾಟ್ಸಾಪ್‌ಗೂ ಬರೆಯಬೇಡಿ.

ದುಡ್ಡು ಜಾಸ್ತಿ ಖರ್ಚು ಮಾಡುವ ಮೊದಲು ಕೇರಳ ಸರಕಾರದ ಕುಟುಂಬಶ್ರೀ ಯೋಜನೆಯ 'ಸ್ನೇಹಿತಾ' ಕೇಂದ್ರಕ್ಕೆ ಹೋಗಿ ಬನ್ನಿ. ಕೇರಳದ ಎಲ್ಲ ಜಿಲ್ಲೆಯಲ್ಲೂ ಇದೆ, ಕೌನ್ಸೆಲಿಂಗ್‌ಗೆ ದುಡ್ಡಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಲೀಗಲ್ ಸರ್ವಿಸಸ್ ಅಥಾರಿಟಿಯಿಂದ ಉಚಿತ ವಕೀಲರು ಸಿಗುತ್ತಾರೆ, ನಂಬರ್ 15100. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಈ ತಯಾರಿ ಎಲ್ಲ ಆಮೇಲೆ, ಮೊದಲು ಹೆಂಗಸರ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಇನ್ನು ನಾಳೆ ಬೆಳಿಗ್ಗೆಯೇ ಮಾಡುವ ಕೆಲಸ ಒಂದಿದೆ. ನಿಮ್ಮ ಆಧಾರ್‌ಗೆ, ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ಯಾರದ್ದು ಅಂತ ನೋಡಿ. ಗಂಡನದ್ದಾದರೆ ಪ್ರತಿ ಒಟಿಪಿಯೂ ಅವರ ಫೋನಿಗೇ ಹೋಗುತ್ತದೆ. ನಿಮ್ಮದೇ ಒಂದು ಸಿಮ್ ತೆಗೆದುಕೊಂಡು, ಆಧಾರ್ ಕೆಲಸ ಮಾಡುವ ಅಕ್ಷಯ ಕೇಂದ್ರಕ್ಕೆ (ಕೇರಳದ ಸರಕಾರಿ ಸೇವಾ ಕೇಂದ್ರ) ಹೋಗಿ ನಂಬರ್ ಬದಲಿಸಿ. ಬೆರಳಚ್ಚು ಕೊಡಬೇಕು, ಹಾಗಾಗಿ ನೀವೇ ಹೋಗಬೇಕು.